ವೇಬ್ರಿಡ್ಜ್ ಕೋಣೆಯ ಸ್ನ್ಯಾಪ್‌ಶಾಟ್

ಕೋವಿಡ್ ಮುಗಿದು ಕಾರ್ಖಾನೆಗಳು ಮತ್ತೆ ಪೂರ್ತಿ ನಡೆಯತೊಡಗಿದ್ದ ವರ್ಷ. ನಾನಾಗ ಮೈಸೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಸ್ಟೋರೇಜ್ ಎಂಜಿನಿಯರ್ ಆಗಿದ್ದೆ. ಮನೆ ಶ್ರೀರಂಗಪಟ್ಟಣದಲ್ಲಿದ್ದುದರಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಗಿರಾಕಿಗಳೆಲ್ಲ ನನ್ನ ಪಾಲಿಗೆ ಬಂದಿದ್ದರು. ನರ್ಸಿಂಗ್ ಹೋಮು, ಕಾಲೇಜು, ರೈಸ್ ಮಿಲ್ಲು, ಎಲ್ಲಿ ನೆಟ್‌ವರ್ಕ್ ಸ್ಟೋರೇಜ್, ಅಂದರೆ ಎಲ್ಲ ಕಂಪ್ಯೂಟರುಗಳ ಫೈಲು ಒಟ್ಟಿಗೆ ಇಡುವ ಪೆಟ್ಟಿಗೆ, ಕೈಕೊಟ್ಟರೂ ನನಗೇ ಫೋನು. ಹೆಂಗಸು ಒಬ್ಬಳೇ ಬ್ಯಾಗು ಹೊತ್ತು ಬಂದಿದ್ದನ್ನು ಕಂಡು ಮೊದಮೊದಲು ಜನ ನನ್ನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು.

ಆ ದಿನ ಫೋನು ಬಂದದ್ದು ನಾಗಮಂಗಲ ತಾಲ್ಲೂಕಿನ ಒಂದು ಖಾಸಗಿ ಪಶು ಆಹಾರ ಕಾರ್ಖಾನೆಯಿಂದ. ಮ್ಯಾನೇಜರ್ ಮಂಜುನಾಥ್ ಅವರ ದನಿಯಲ್ಲಿ ಗಾಬರಿ ಇತ್ತು. ಲಾರಿ ತೂಗುವ ವೇಬ್ರಿಡ್ಜ್ ನಿಂತುಹೋಗಿದೆ, ತೂಕ ದಾಖಲಾಗುತ್ತಿಲ್ಲ, ಸ್ಟೋರೇಜ್‌ನಲ್ಲಿ ಜಾಗವಿಲ್ಲ ಎಂದು ಬರುತ್ತಿದೆ ಎಂದರು. ನಾನು ಹೋದಾಗ ಮೋಡ ಕವಿದ ಮಧ್ಯಾಹ್ನ. ಮೆಕ್ಕೆಜೋಳದ ಲಾರಿಗಳು ಗೇಟಿನಿಂದ ರಸ್ತೆಯವರೆಗೂ ನಿಂತಿದ್ದವು. ಡ್ರೈವರುಗಳು ಲಾರಿಯ ಪಕ್ಕದಲ್ಲಿ ಕೂತು ಬೇಸತ್ತು ಬೈಯುತ್ತಿದ್ದರು.

ಸ್ಟೋರೇಜ್ ಪೆಟ್ಟಿಗೆ ಇದ್ದದ್ದು ವೇಬ್ರಿಡ್ಜ್ ಕೋಣೆಯಲ್ಲೇ. ತೂಕದ ಲೆಕ್ಕ, ಅಂಗಳದ ಕ್ಯಾಮೆರಾಗಳ ರೆಕಾರ್ಡಿಂಗು ಎಲ್ಲವೂ ಅದರೊಳಗೆ. ತೂಕ ಬರೆಯುವವನು ಲೋಕೇಶ. ದೇವಲಾಪುರದ ಕಡೆಯವನು, ಮಾತು ಕಡಿಮೆ, ಹೋದಾಗಲೆಲ್ಲ ಟೀ ತರಿಸಿಕೊಡುತ್ತಿದ್ದ.

ನೋಡಿದರೆ, ಒಂದು ಹಳೆಯ ಸ್ನ್ಯಾಪ್‌ಶಾಟ್ ಹೆಚ್ಚುಕಡಿಮೆ ಅರ್ಧ ಪೆಟ್ಟಿಗೆಯನ್ನು ಹಿಡಿದು ಕೂತಿತ್ತು. ಸ್ನ್ಯಾಪ್‌ಶಾಟ್ ಎಂದರೆ ಫೋಟೋ ಅಲ್ಲ. ಒಂದು ಗಳಿಗೆಯಲ್ಲಿ ಪೆಟ್ಟಿಗೆಯೊಳಗೆ ಏನೇನು ಇತ್ತೋ ಅದನ್ನು ಇದ್ದ ಹಾಗೇ ಉಳಿಸಿಕೊಳ್ಳುವ ಏರ್ಪಾಡು. ಆಮೇಲೆ ನೀವು ಫೈಲನ್ನು ಅಳಿಸಿದರೂ ನಿಮ್ಮ ಕಣ್ಣಿಗಷ್ಟೇ ಅದು ಮರೆಯಾಗುತ್ತದೆ. ಸ್ನ್ಯಾಪ್‌ಶಾಟ್ ಇರುವ ತನಕ ಆ ಜಾಗ ಖಾಲಿಯಾಗುವುದಿಲ್ಲ. ಬ್ಯಾಕಪ್ ತಂತ್ರಾಂಶ ಹೀಗೆ ಒಂದನ್ನು ತೆಗೆದುಕೊಂಡು, ಅದರೊಳಗಿನದನ್ನು ಕಾರ್ಖಾನೆಯ ಮೈಸೂರಿನ ಮುಖ್ಯ ಕಚೇರಿಗೆ ಕಳಿಸಿ, ಕೆಲಸ ಮುಗಿದ ಮೇಲೆ ತಾನೇ ತೆಗೆದುಹಾಕಬೇಕು. ಇಲ್ಲಿ ಕಳಿಸುತ್ತಿರುವಾಗಲೇ ಲೈನು ಕಡಿದುಹೋಗಿತ್ತು. ಅರ್ಧಕ್ಕೆ ನಿಂತ ಬ್ಯಾಕಪ್ ಆ ಸ್ನ್ಯಾಪ್‌ಶಾಟನ್ನು ಬಿಟ್ಟಿರಲೇ ಇಲ್ಲ. ಅಳಿಸಲು ಹೋದರೆ ‘ಬಳಕೆಯಲ್ಲಿದೆ’ ಎಂಬ ಉತ್ತರ. ಎಚ್ಚರಿಕೆಯ ಈಮೇಲ್‌ಗಳೆಲ್ಲ ಕೆಲಸ ಬಿಟ್ಟು ಹೋದ ಯಾರದೋ ವಿಳಾಸಕ್ಕೆ ಹೋಗಿ ಬೀಳುತ್ತಿದ್ದವು.

ಪರಿಹಾರ ಕಷ್ಟವಿರಲಿಲ್ಲ. ನಿಂತ ಬ್ಯಾಕಪ್ಪನ್ನು ರದ್ದು ಮಾಡಿ ಹಿಡಿತ ಸಡಿಲಿಸಿದರೆ ಸ್ನ್ಯಾಪ್‌ಶಾಟನ್ನು ಅಳಿಸಬಹುದಿತ್ತು. ಆದರೆ ಒಮ್ಮೆ ಅಳಿಸಿದರೆ ಮುಗಿಯಿತು. ಅದಕ್ಕೇ ಅಳಿಸುವ ಮೊದಲು ಅದರೊಳಗೆ ಬೇಕಾದದ್ದು ಏನಾದರೂ ಇದೆಯೇ ಎಂದು ಗಿರಾಕಿಯನ್ನು ಕೇಳುವುದು ನಮ್ಮ ವೃತ್ತಿಯ ಪದ್ಧತಿ. ಸ್ನ್ಯಾಪ್‌ಶಾಟ್‌ನ ಹೆಸರಿನಲ್ಲೇ ತಾರೀಖು ಇತ್ತು. ಅದನ್ನು ಓದಿ ಹೇಳಿದೆ.

ಮಂಜುನಾಥ್ ತಾರೀಖನ್ನು ಇನ್ನೊಮ್ಮೆ ಓದಿಸಿದರು. ಲೋಕೇಶ ಕಿಟಕಿಯ ಕಡೆ ತಿರುಗಿದ.

ಆ ತಾರೀಖಿನ ಹಿಂದಿನ ದಿನ ಅಂಗಳದಲ್ಲಿ ಸಿದ್ದರಾಜು ಎಂಬ ಹಮಾಲಿ ಹಿಂದಕ್ಕೆ ಬಂದ ಲಾರಿಯ ಕೆಳಗೆ ಸಿಕ್ಕಿ ಸತ್ತಿದ್ದ. ಕುಡಿದು ಬಂದು ಚಕ್ರದ ಹಿಂದೆ ಕೂತಿದ್ದ ಎಂದು ಜನ ಆಡಿಕೊಂಡರು. ಲಾರಿಯ ಡ್ರೈವರು ತಾನು ನೋಡಲಿಲ್ಲ ಎಂದ. ಪೊಲೀಸರು ರೆಕಾರ್ಡಿಂಗು ಕೇಳುವ ಹೊತ್ತಿಗೆ ಹಳೆಯದರ ಮೇಲೆ ಹೊಸದು ಬರೆದು, ಆ ದಿನದ್ದು ಅಳಿದುಹೋಗಿತ್ತು. ಇಲ್ಲ ಎಂದು ಕಾರ್ಖಾನೆ ತಿಳಿಸಿತ್ತು. ಸಿದ್ದರಾಜುವಿನ ಹೆಂಡತಿ ಜಯಮ್ಮನಿಗೆ ಅಲ್ಲೇ ಅಂಗಳ ಗುಡಿಸುವ ಕೆಲಸ ಕೊಟ್ಟಿದ್ದರು. ಕೊಡಿಸಿದವನು ಲೋಕೇಶ. ಸಿದ್ದರಾಜು ಅವನಿಗೆ ದೊಡ್ಡಪ್ಪನ ಮಗ. ಇಷ್ಟನ್ನೂ ಮಂಜುನಾಥ್ ತಗ್ಗಿದ ದನಿಯಲ್ಲಿ ಹೇಳಿದರು. ಅಳಿದುಹೋಯಿತು ಎಂದು ಎಲ್ಲರೂ ತಿಳಿದಿದ್ದದ್ದು ಈ ಸ್ನ್ಯಾಪ್‌ಶಾಟ್‌ನಲ್ಲಿ ಉಳಿದಿತ್ತು.

“ಇಲ್ಲ ಅಂತ ಸ್ಟೇಷನ್ನಿಗೆ ಹೇಳ್ಬುಟ್ಟಿದ್ದೀವಿ ಮೇಡಂ. ಈಗ ಅದೆ ಅಂದ್ರೆ ನಾವೇ ಬಚ್ಚಿಟ್ಟಿದ್ವಿ ಅನ್ನಕಿಲ್ವಾ? ಲಾರಿ ಬೇರೆ ಸಾಲು ನಿಂತವೆ. ಅಳಿಸ್ಬುಡಿ” ಎಂದರು.

“ಆವತ್ತು ಇಲ್ಲ ಅಂದದ್ದು ನಿಜ, ಇವತ್ತು ಇದೆ ಅನ್ನೋದೂ ನಿಜ ಸಾರ್. ಗೊತ್ತಾದ ಮೇಲೆ ಅಳಿಸಿದ್ರೆ ಬಚ್ಚಿಟ್ಟ ಹಾಗೇ ಆಗುತ್ತೆ” ಎಂದೆ. ಮೊದಲು ಅದನ್ನು ಬೇರೆ ಡಿಸ್ಕಿಗೆ ನಕಲು ಮಾಡುತ್ತೇನೆ, ಆಮೇಲಷ್ಟೇ ಅಳಿಸುತ್ತೇನೆ ಎಂದು ತಿಳಿಸಿದೆ. ಕೊನೆಗೆ ಅವರು ಹೊರಗೆ ಹೋಗಿ, ಲಾರಿಯವರಿಗೆ ಸಂಜೆಯಾಗುತ್ತದೆ ಎಂದು ತಾವೇ ಹೇಳಿಬಂದರು. ಸ್ಟೇಷನ್ನಿಗೂ ಫೋನು ಮಾಡಿದರು. ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ.

ನಕಲು ನಿಧಾನವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಸುದ್ದಿ ಅಂಗಳಕ್ಕೆ ಹೋಗಿತ್ತು. ಜಯಮ್ಮ ಪೊರಕೆಯನ್ನು ಬಾಗಿಲಾಚೆ ಒರಗಿಸಿ ಒಳಗೆ ಬಂದರು. ನೋಡುವುದು ಬೇಡ ಎಂದು ಮಂಜುನಾಥ್ ಹೇಳಿದರು. ನಾನೂ ಹೇಳಿದೆ.

“ಅವ್ರು ಬಿದ್ದದ್ದು ಬ್ಯಾಡ ಕಣ್ ಮೇಡಮ್ಮೋರೆ. ಅದಕ್ ಮುಂಚೆ ನಡ್ಕೊಂಡು ಬತ್ತಾರಲ್ಲ, ಅಷ್ಟು ಮಾತ್ರ ತೋರ್ಸಿ. ತೂರಾಡ್ಕೊಂಡು ಬಂದ್ರಾ ಇಲ್ವಾ, ನಾನು ನೋಡ್ಬೇಕು.”

ನಕಲಾದ ಫೈಲು ಸರಿಯಾಗಿ ತೆರೆಯುತ್ತದೆಯೇ ಎಂದು ಹೇಗಿದ್ದರೂ ನಾನು ಪರೀಕ್ಷಿಸಲೇಬೇಕಿತ್ತು. ಮೊದಲು ಒಬ್ಬಳೇ ನೋಡಿ, ಎಲ್ಲಿ ನಿಲ್ಲಿಸಬೇಕೆಂದು ತಿಳಿದುಕೊಂಡೆ. ಈ ಕೋಣೆಯ ಕಿಟಕಿಯಿಂದ ಚಾಚಿದ ಒಂದು ಕೈಯನ್ನು ನಾನು ಆಗಲೇ ಕಂಡಿದ್ದೆ. ಯಾರದೆಂದು ಯೋಚಿಸುವಷ್ಟು ಸ್ಥಿಮಿತ ಮನಸ್ಸಿಗೆ ಇರಲಿಲ್ಲ. ಆಮೇಲೆ ಪರದೆಯನ್ನು ಆಕೆಯ ಕಡೆ ತಿರುಗಿಸಿದೆ.

ಶಬ್ದವಿಲ್ಲದ ಚಿತ್ರ. ತಲೆಗೆ ಟವೆಲ್ ಸುತ್ತಿದ ಸಿದ್ದರಾಜು ಚೀಲಗಳ ಕಡೆಯಿಂದ ನೆಟ್ಟಗೆ ನಡೆದು ಬಂದ. ವೇಬ್ರಿಡ್ಜ್ ಕೋಣೆಯ ಕಡೆ ತಲೆಯೆತ್ತಿ ನೋಡಿದ. ಕಿಟಕಿಯಿಂದ ಒಂದು ಕೈ ಹೊರಬಂದು ಲಾರಿಯ ಹಿಂಬದಿಯನ್ನು ತೋರಿಸಿತು. ಆತ ತಲೆಯಾಡಿಸಿ, ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆಯಲು ಹಿಂದಕ್ಕೆ ಹೋದ. ನಾನು ಅಲ್ಲಿಗೆ ನಿಲ್ಲಿಸಿದೆ.

“ಕುಡ್ದಿರ್ಲಿಲ್ಲ” ಎಂದರು ಜಯಮ್ಮ. ಮುಖ ಒಂದು ಗಳಿಗೆ ಹಗುರಾಯಿತು. ಆಮೇಲೆ ಕೇಳಿದರು: “ಆ ಕೈ ಯಾರ್ದು?”

ಲೋಕೇಶ ಗೋಡೆಗೆ ಒರಗಿ ನಿಂತಿದ್ದ.

“ನಂದೇ ಕಣತ್ಗೆ” ಎಂದ. “ಕಲ್ಲು ತಗಿಯಣ್ಣ ಅಂದೆ. ಡ್ರೈವರು ಇನ್ನೂ ಲಾರಿ ಹತ್ತಿಲ್ಲ ಅನ್ಕೊಂಡಿದ್ದೆ.”

ಜಯಮ್ಮ ಅಳಲಿಲ್ಲ. “ಕುಡ್ದಿದ್ದ ಅಂತ ಊರೆಲ್ಲ ಅಂದಾಗ ನೀನೂ ಅಲ್ಲೇ ನಿಂತಿದ್ಯಲ್ಲ, ಲೋಕೇಶ” ಎಂದಷ್ಟೇ ಹೇಳಿ ಹೊರಗೆ ಹೋದರು. ಪೊರಕೆ ಬಾಗಿಲ ಬಳಿಯೇ ಉಳಿಯಿತು.

ಡಿಸ್ಕನ್ನು ಪೊಲೀಸರು ಬಂದು ತೆಗೆದುಕೊಂಡರು. ನಾನು ಬ್ಯಾಕಪ್ ರದ್ದು ಮಾಡಿ, ಸ್ನ್ಯಾಪ್‌ಶಾಟ್ ಅಳಿಸಿದೆ. ಜಾಗ ಖಾಲಿಯಾಯಿತು, ಲಾರಿಗಳು ಒಂದೊಂದಾಗಿ ವೇಬ್ರಿಡ್ಜ್ ಮೇಲೆ ಹತ್ತಿದವು. ಆ ಸಂಜೆ ಮಂಜುನಾಥ್ ತಾವೇ ಕೂತು ತೂಕ ಬರೆದರು.

ಮುಂದೆ ಲೋಕೇಶ ಪೊಲೀಸರ ಮುಂದೆ ಇದ್ದದ್ದನ್ನು ಇದ್ದ ಹಾಗೇ ಹೇಳಿ, ಕೆಲಸ ಬಿಟ್ಟನೆಂದು ತಿಳಿಯಿತು. ಜಯಮ್ಮನೂ ಆ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ. ಗಂಡ ಸತ್ತ ಮೇಲೆ ಆ ಮನೆಯ ಕಷ್ಟಸುಖ ನೋಡುತ್ತಿದ್ದವನು ಲೋಕೇಶ ಒಬ್ಬನೇ. ಈಗ ಅವನೂ ಅಲ್ಲಿಗೆ ಹೋಗುವಂತಿರಲಿಲ್ಲ.

ಬಹಳ ತಿಂಗಳ ನಂತರ ನಾಗಮಂಗಲದ ಬಸ್ ನಿಲ್ದಾಣದಲ್ಲಿ ಜಯಮ್ಮ ಸಿಕ್ಕರು. ಸೊರಗಿದ್ದರು. ಗುರುತು ಹಿಡಿದು ಅವರೇ ಮಾತಾಡಿಸಿದರು. ನಾನು ಅದನ್ನು ತೋರಿಸಬಾರದಿತ್ತೇನೋ ಎಂದೆ.

“ನೋಡ್ದೆ ಇದ್ದಿದ್ರೆ ಚೆನ್ನಾಗಿತ್ತು ಅಂತ ಒಂದೊಂದ್ ದಿನ ಅನ್ಸುತ್ತೆ” ಎಂದರು. “ಆದ್ರೆ ನೀವು ತೋರಿಸ್ನಿಲ್ಲ ಅಂದಿದ್ರೆ ನಿಮ್ಗೆ ಶಾಪ ಹಾಕ್ತಿದ್ದೆ.”

ಅಳಿಸುವ ಮೊದಲು ನೋಡಬೇಕು ಎಂಬುದನ್ನು ನನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಹೇಳಿಕೊಟ್ಟಿದ್ದೇನೆ. ಉಳಿದು ಬಂದದ್ದು ಯಾರಿಗಾದರೂ ನೆಮ್ಮದಿ ತರುತ್ತದೆ ಎಂದು ಮಾತ್ರ ಅವರಿಗೆ ಹೇಳುವುದಿಲ್ಲ. ನಮ್ಮ ಕೆಲಸ ಅದನ್ನು ಕೆಡದಂತೆ ಹೊರಗೆ ತೆಗೆಯುವುದು. ಹೊರುವವರು ಬೇರೆಯವರು, ಮತ್ತು ಅವರಿಗೆ ಅದು ಎಷ್ಟು ಭಾರವಾಗುತ್ತದೆ ಎಂಬುದು ನಮಗೆ ತಿಳಿಯುವುದು ತಡವಾಗಿ.