ಶಾಫ್ಟಿಗೆ ಕಿವಿಯಿಟ್ಟವರು

ನಾನು ಹುಟ್ಟಿದ್ದು ಕೋಲಾರದ ಕಡೆಯ ಚಿನ್ನದ ಗಣಿಯ ಊರಿನಲ್ಲಿ, ಕಾರ್ಮಿಕರ ಲೈನ್ ಮನೆಯಲ್ಲಿ. ಮದುವೆಯಾಗಿ ಬೆಂಗಳೂರಿನ ಜೋಗುಪಾಳ್ಯಕ್ಕೆ ಬಂದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ಇಲ್ಲಿಗೇ ಕರೆದುಕೊಂಡು ಬಂದೆ. ಅವಳೂ ಹೋದಳು. ಆಮೇಲೆ ಆ ಕಡೆ ತಲೆ ಹಾಕಲು ಕಾರಣವೇ ಉಳಿಯಲಿಲ್ಲ.

ಹೋದ ಚಳಿಗಾಲದಲ್ಲಿ ಮಗಳು ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಇಂದಿರಾನಗರದ ಒಂದು ಆಫೀಸಿನಲ್ಲಿ ಕೆಲಸ ಅವಳಿಗೆ. ಭಾನುವಾರವಾದರೆ ಒಂದು ಗುಂಪಿನ ಜೊತೆ ಬೆಟ್ಟಗುಡ್ಡ ಹತ್ತಲು ಹೋಗುತ್ತಾಳೆ.

"ಅಮ್ಮಾ, ಈ ಸಲದ ಟ್ರೆಕ್ ಎಲ್ಲಿಗೆ ಹೇಳು? ನಿಮ್ಮೂರಿಗೆ! ನೀನೂ ಬಾ."

ಅವಳು ತೋರಿಸಿದ ಜಾಹೀರಾತಿನಲ್ಲಿ ತುಕ್ಕು ಹಿಡಿದ ಗಣಿ ಗೋಪುರದ ಚಿತ್ರವಿತ್ತು. ಕೆಳಗೆ 'ಯಾರೂ ಇಲ್ಲದ ಊರಿಗೆ ಒಂದು ದಿನ' ಎಂದು ಬರೆದಿದ್ದರು. ನನಗೆ ಅಲ್ಲೇ ಮೈ ಉರಿಯಿತು. ಗಣಿ ಮುಚ್ಚಿದ ಮಾತ್ರಕ್ಕೆ ಯಾರೂ ಇಲ್ಲವಂತೆ. ದಿನಾ ಬೆಳಿಗ್ಗೆ ಆ ಊರಿಂದ ರೈಲು ತುಂಬ ಬಂದು ಬೈಯಪ್ಪನಹಳ್ಳಿಯಲ್ಲಿ, ಕಂಟೋನ್ಮೆಂಟಿನಲ್ಲಿ ಇಳಿದು, ಈ ನಗರದ ನೆಲ ಒರೆಸಿ, ಗೇಟು ಕಾದು, ಸಂಜೆ ಅದೇ ರೈಲು ಹತ್ತುವವರು ಯಾರು ಹಾಗಾದರೆ? ಆದರೂ ಹೊರಟೆ. ಮಗಳು ನನ್ನ ಊರು ನೋಡಲಿ ಎಂಬ ಆಸೆ.

ಬೈಯಪ್ಪನಹಳ್ಳಿಯಲ್ಲಿ ರೈಲು ಹತ್ತಿದೆವು. ಗುಂಪಿನಲ್ಲಿ ಎಲ್ಲರೂ ಮಗಳ ವಯಸ್ಸಿನವರು. ಅವರ ಮುಂದಾಳು ಟೋಪಿ, ಕಪ್ಪು ಕನ್ನಡಕದ ಎತ್ತರದ ಹುಡುಗ. ಊರಿಗೆ ಮುಂಚಿನ ನಿಲ್ದಾಣದಲ್ಲೇ ಇಳಿಸಿ, ಗುಡ್ಡ ದಾಟಿ ಹೋಗುವುದು ಎಂದ. ದಾರಿ ಎಂದರೆ ದಾರಿಯಲ್ಲ. ಬಂಡೆಗಳ ನಡುವಿನ ಸಂದು, ಜಾಲಿ ಮುಳ್ಳು, ಕೈಯಿಟ್ಟರೆ ಜಾರುವ ಸಡಿಲ ಕಲ್ಲು. ಸೀತಾಫಲದ ಗಿಡಗಳು ಎಲೆಯುದುರಿಸಿ ನಿಂತಿದ್ದವು. ಮಂಡಿ ನೋಯುತ್ತಿದ್ದರೂ ನನ್ನ ಕಾಲಿಗೆ ಆ ನೆಲದ ಪರಿಚಯವಿತ್ತು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಸೌದೆಗೆ ಬರುತ್ತಿದ್ದುದು ಇಂಥ ಗುಡ್ಡಕ್ಕೇ. ಮಗಳು ಮುಳ್ಳಿಗೆ ಸಿಕ್ಕಿಕೊಂಡಾಗ ನಾನೇ ಬಿಡಿಸಿದೆ. ಅಷ್ಟು ಹೊತ್ತು ಖುಷಿಯಾಗೇ ಇದ್ದೆ.

ಗುಡ್ಡ ಇಳಿಯುತ್ತಲೇ ಬೂದು ಬಣ್ಣದ ದಿಬ್ಬಗಳು ಎದುರಾದವು. ಸೈನೈಡ್ ವಿಷ ಬೆರೆಸಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಪುಡಿಯನ್ನು ತಂದು ಸುರಿದ ರಾಶಿಗಳು ಅವು. ಊರಿನಲ್ಲಿ ಅವಕ್ಕೆ ಸೈನೈಡ್ ಗುಡ್ಡ ಎಂದೇ ಹೆಸರು. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಪುಡಿ ನಮ್ಮ ಅನ್ನದ ಮೇಲೆ, ಹಾಸಿಗೆಯ ಮೇಲೆ, ರೆಪ್ಪೆಯ ಮೇಲೆ. ಅಮ್ಮ ಕಿಟಕಿಗೆ ಒದ್ದೆ ಸೀರೆ ಕಟ್ಟುತ್ತಿದ್ದಳು. ಈಗ ಈ ಮಕ್ಕಳು ಓಡಿಹೋಗಿ ದಿಬ್ಬ ಹತ್ತಿ, ಕುಳಿತು ಜಾರಿ, ಪುಡಿ ಎರಚಿಕೊಂಡು ನಗತೊಡಗಿದರು.

"ಅದನ್ನ ಎರಚಬೇಡ್ರಪ್ಪಾ. ಒಳಗೆ ಹೋದ್ರೆ ಒಳ್ಳೇದಲ್ಲ," ಎಂದೆ.

"ಬರೀ ಮರಳು ಆಂಟಿ, ಏನಾಗಲ್ಲ," ಎಂದ ಮುಂದಾಳು. "ಒಂದ್ ನಿಮಿಷ ಸೈಡಿಗೆ ಬನ್ನಿ, ಫೋಟೋದಲ್ಲಿ ಬರ್ತಿದೀರ."

ಸರಿದು ನಿಂತೆ. ಹಲ್ಲು ಕಚ್ಚಿಕೊಂಡು ನಿಂತೆ.

ಅಲ್ಲಿಂದ ಮುಂದೆ ಬೇಲಿ ಮುರಿದ ಕಡೆ ನುಸುಳಿಸಿ ಒಂದು ಹಳೆಯ ಶಾಫ್ಟಿನ ಹತ್ತಿರ ಕರೆದುಕೊಂಡು ಹೋದ. ಗಣಿಗೆ ಇಳಿಯುವ ಬಾವಿಯನ್ನು ನಾವು ಶಾಫ್ಟ್ ಎನ್ನುತ್ತಿದ್ದೆವು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದರು. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು.

"ಎಲ್ರೂ ಸುಮ್ನಿರಿ. ಜಾಲರಿಗೆ ಕಿವಿ ಕೊಡಿ," ಎಂದು ಮುಂದಾಳು ದನಿ ತಗ್ಗಿಸಿದ. "ಕೇಳಿಸ್ತಿದೆಯಾ? ಗಾಳಿ ಅಲ್ಲ ಗುರು ಅದು. ಕೆಳಗೆ ಸತ್ತೋರ ಉಸಿರು. ಇನ್ನೂ ನಿಂತಿಲ್ಲ."

ಹುಡುಗ ಹುಡುಗಿಯರು ಮಂಡಿಯೂರಿ ಕಿವಿಯಿಟ್ಟರು. ನನ್ನ ಮಗಳೂ ಇಟ್ಟಳು.

ನಾನು ಉಸಿರು ಕೇಳಿದವಳು. ಅಪ್ಪ ಗಣಿಯೊಳಗೆ ಕಲ್ಲು ಕೊರೆಯುವ ಕೆಲಸದವರು. ಕೊನೆಯ ವರ್ಷಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕೈ, ಹಾಗೇ ಕೂತು ರಾತ್ರಿ ಕಳೆಯುತ್ತಿದ್ದರು. ಒಂದೊಂದು ಉಸಿರನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಸೇದಬೇಕು. ಯಾವುದೋ ಒಂದು ಕ್ಲಿನಿಕ್ಕಿನ ಡಾಕ್ಟರು "ಬೀಡಿ ಬಿಡಿ" ಎಂದರು. ಅಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಅವರ ಎದೆಯಲ್ಲಿದ್ದುದು ಕಲ್ಲಿನ ಪುಡಿ.

ಮುಂದಾಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇಲ್ಲಿನ ಕೆಲಸದೋರು ಚಿನ್ನ ನುಂಗಿ ಹೊರಗೆ ತರ್ತಿದ್ರಂತೆ," ಎಂದ.

"ಹಾಗಾದ್ರೆ ಮಾರನೇ ದಿನ ಏನ್ ಮಾಡ್ತಿದ್ರು ಮಗಾ?" ಎಂದ ಒಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅಪ್ಪ ದಿನಾ ಕೆಲಸ ಮುಗಿಸಿ ಹೊರಬರುವಾಗ ಗಣಿಯ ಕಾವಲಿನವರು ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುತ್ತಿದ್ದರು. ಬಾಯಿ ತೆರೆಸಿ ನೋಡುತ್ತಿದ್ದರು. ಅದನ್ನು ಅಪ್ಪ ನಮಗೆ ಯಾವತ್ತೂ ಹೇಳಲಿಲ್ಲ. ಅಮ್ಮ ಸಾಯುವ ಮುಂಚೆ ಹೇಳಿದ್ದು.

"ಯಾರು ಹೇಳಿದ್ದು ನಿಂಗೆ?" ಎಂದು ಮುಂದಾಳನ್ನು ಕೇಳಿದೆ.

"ಏನು ಆಂಟಿ?"

"ನುಂಗ್ತಿದ್ರು ಅಂತ."

"ಅಯ್ಯೋ, ಸುಮ್ನೆ ಕಥೆ ಆಂಟಿ. ಜನಕ್ಕೆ ಇಷ್ಟ ಆಗುತ್ತೆ."

"ನಮ್ಮಪ್ಪ ಇಂಥ ಗುಂಡಿಗೆ ಇಳಿದೋರು ಕಣೋ. ಉಸಿರಾಡಕ್ಕಾಗ್ದೆ ಕೂತಲ್ಲೇ ಸತ್ರು. ನೀನು ಉಸಿರು ಅಂತೀಯಲ್ಲ, ಅದನ್ನ ನಾನು ಮನೇಲಿ ಕೇಳಿದೀನಿ. ಕಳ್ಳರು ಅಂತೀಯಾ? ನಗ್ತೀರಾ? ನಿಮ್ಮಪ್ಪನ ಬಾಯಿ ಯಾರಾದ್ರೂ ದಿನಾ ತೆಗೆಸಿ ನೋಡಿದಾರಾ?"

ನನ್ನ ದನಿ ಬಂಡೆಗೆ ಬಡಿದು ವಾಪಸು ಬಂತು. ಒಬ್ಬ ಹುಡುಗಿ ಫೋನೆತ್ತಿ ನನ್ನನ್ನೇ ಚಿತ್ರೀಕರಿಸುತ್ತಿದ್ದಳು. ಹೋಗಿ ಅವಳ ಕೈಯನ್ನು ಕೆಳಕ್ಕೆ ತಳ್ಳಿದೆ. ಆಗ ಮಗಳು ನನ್ನ ತೋಳು ಹಿಡಿದಳು.

"ಅಮ್ಮಾ, ಪ್ಲೀಸ್. ಎಲ್ರೂ ನೋಡ್ತಿದಾರೆ. ಬಿಡು."

ಆ ಮುಂದಾಳಿನ ಮಾತಿಗಿಂತ ಇದು ಹೆಚ್ಚು ಸುಟ್ಟಿತು. ತೋಳು ಕೊಡವಿಕೊಂಡು ಒಬ್ಬಳೇ ನಮ್ಮ ಲೈನಿನ ಕಡೆ ಇಳಿಜಾರು ಇಳಿದೆ. ಹಿಂದೆ ಕಲ್ಲು ಜಾರುವ ಸದ್ದು ಕೇಳುತ್ತಿತ್ತು, ಮಗಳು ಬರುತ್ತಿದ್ದಳು. ತಿರುಗಿ ನೋಡಲಿಲ್ಲ.

ನಮ್ಮ ಲೈನು ಇನ್ನೂ ಇತ್ತು. ಒಂದಕ್ಕೊಂದು ಅಂಟಿಕೊಂಡ ಗೂಡಿನಂಥ ಮನೆಗಳು. ಕೆಲವು ಬಿದ್ದುಹೋಗಿದ್ದವು. ನಮ್ಮ ಮನೆಯ ಮುಂದೆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ನಾವು ಹತ್ತಿರ ಹೋದದ್ದೇ ತಡ, ನನಗಿಂತ ಸ್ವಲ್ಪ ಚಿಕ್ಕ ಹೆಂಗಸೊಬ್ಬಳು ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು. ನಮ್ಮ ಲೈನುಗಳ ಮಾತಾದ ತಮಿಳಿನಲ್ಲಿ ಶುರು ಮಾಡಿದಳು.

"ಮತ್ತೆ ಬಂದ್ರಾ? ವಾರಕ್ಕೆ ಒಂದು ದಿನ ನನಗೆ ರಜೆ. ಅವತ್ತೇ ಬರ್ತೀರ. ಒಗೆದು ಹಾಕಿದ ಬಟ್ಟೆಗೂ ಫೋಟೋ. ಹೋದ ತಿಂಗಳು ನನ್ನ ಮಗಳು ಸ್ನಾನ ಮಾಡ್ತಿದ್ದಾಗ ಒಳಗೆ ನುಗ್ಗಿ, ಪಾಳು ಮನೆ ಅಂದ್ಕೊಂಡ್ವಿ ಅಂದ್ರು! ಹೋಗಿ ಇಲ್ಲಿಂದ."

"ನಾನು ಹುಟ್ಟಿದ್ದು ಈ ಮನೇಲೇ," ಎಂದೆ ನಾನೂ ತಮಿಳಿನಲ್ಲೇ.

"ಹುಟ್ಟಿದ್ರೆ ಏನೀಗ? ನಾನೂ ಈ ಲೈನಲ್ಲೇ ಹುಟ್ಟಿದ್ದು. ನೀನು ಹೋದೆ, ನಾನಿದ್ದೀನಿ. ಈಗ ಅವರ ಜೊತೆ ಸೇರ್ಕೊಂಡು ನೋಡಕ್ಕೆ ಬಂದಿದ್ದೀಯ."

ಕೋಪ ಮಾಡಿಕೊಂಡು ಬಂದವಳ ಮುಂದೆ ನನಗಿಂತ ದೊಡ್ಡ ಕೋಪ ನಿಂತಿತ್ತು. ಮಗಳು ಮುಂದೆ ಬಂದು, ಜೋಗುಪಾಳ್ಯದ ಬೀದಿಯಲ್ಲಿ ಕಲಿತ ತನ್ನ ತೊದಲು ತಮಿಳಿನಲ್ಲಿ, "ತಪ್ಪಾಯ್ತು ಅಕ್ಕಾ. ಇವರಪ್ಪ ಇಲ್ಲೇ ಇದ್ರು. ಅದಕ್ಕೇ ಬಂದ್ವಿ," ಎಂದಳು.

ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಜಗಲಿ ಮೇಲೆ ದಿಂಬು ಇಟ್ಕೊಂಡು ಕೆಮ್ಮುತ್ತಾ ಕೂತಿರ್ತಿದ್ರಲ್ಲ, ಅವರಾ?"

ತಲೆಯಾಡಿಸಿದೆ.

"ನಮ್ಮಪ್ಪಂದೂ ಅದೇ ಕಾಯಿಲೆ," ಎಂದಳು. ಒಳಗೆ ಬಾ ಅನ್ನಲಿಲ್ಲ. ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತಳು. ನಾನು ಹೊಸ್ತಿಲ ಹೊರಗೇ ನಿಂತು ಇಣುಕಿದೆ. ಅಮ್ಮನ ಒಲೆ ಇದ್ದ ಮೂಲೆಯಲ್ಲಿ ಶಾಲೆಯ ಬ್ಯಾಗು, ಮಡಚಿಟ್ಟ ಅವಳ ಕೆಲಸದ ನೀಲಿ ಸಮವಸ್ತ್ರ. ಇಂದಿರಾನಗರದ ಒಂದು ಕಟ್ಟಡದಲ್ಲಿ ಅವಳು ಕಸ ಗುಡಿಸುತ್ತಾಳಂತೆ. ಬೆಳಕು ಹರಿಯುವ ಮುಂಚೆ ರೈಲು ಹತ್ತಬೇಕು. ಮನೆ ತನ್ನ ಹೆಸರಿಗೆ ಇನ್ನೂ ಆಗಿಲ್ಲ. ಗಣಿ ಕಂಪನಿಯವರು ಬಿಡಿ ಎಂದರೆ ಬಿಡಬೇಕು. ಇದನ್ನೆಲ್ಲ ಮುಖ ಗಂಟಿಕ್ಕಿಕೊಂಡೇ ಹೇಳಿದಳು. ಕೊನೆಗೆ ಒಂದು ಚೊಂಬು ನೀರು ತಂದು ಕಟ್ಟೆಯ ಮೇಲೆ ಕುಕ್ಕಿದಳು.

ವಾಪಸು ಬರುವಾಗ ನಾವಿಬ್ಬರೂ ಗುಂಪಿನ ಜೊತೆ ಕೂರಲಿಲ್ಲ. ಕೃಷ್ಣರಾಜಪುರ ದಾಟಿದ ಮೇಲೆ ಮಗಳು, "ತಾತ ಹಾಗಿದ್ರು ಅಂತ ನೀನ್ಯಾಕೆ ಹೇಳಿರ್ಲಿಲ್ಲ?" ಎಂದಳು.

"ಕೇಳೋರು ಯಾರಿದ್ರು?" ಎಂದೆ. ಇನ್ನೂ ಸಿಟ್ಟಿನಲ್ಲೇ ಇದ್ದೆ.

ಒಂದು ವಾರ ಕಳೆದ ಮೇಲೆ ಆ ಮುಂದಾಳು ನನಗೆ ಫೋನು ಮಾಡಿದ. ಕ್ಷಮೆ ಕೇಳುತ್ತಾನೆ ಅಂದುಕೊಂಡು, ಪಕ್ಕದಲ್ಲಿದ್ದ ಮಗಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಆಂಟಿ, ಅವತ್ತು ನೀವು ಮಾತಾಡಿದ್ದು ಸಖತ್ತಾಗಿತ್ತು. ಎಲ್ರಿಗೂ ರೋಮಾಂಚನ ಆಯ್ತಂತೆ. ಮುಂದಿನ ಟ್ರೆಕ್‌ಗೆ ಬರ್ತೀರಾ? ಶಾಫ್ಟ್ ಹತ್ರ ನಿಂತು ಅದನ್ನೇ ಹೇಳಿದ್ರೆ ಸಾಕು. ಅದೇ ಥರ ಕೋಪದಲ್ಲಿ."

ಮಗಳು ಫೋನು ಕಿತ್ತುಕೊಂಡಳು.

"ನಮ್ಮಮ್ಮ ನಿನ್ನ ಕಥೆ ಅಲ್ಲ ಕಣೋ. ಆ ಲೈನ್ ಮನೆಗಳ ಹತ್ರ ಇನ್ನೊಂದ್ ಸಲ ಜನ ಕರ್ಕೊಂಡ್ ಹೋಗು, ಪೊಲೀಸ್ ಸ್ಟೇಷನ್‌ಗೆ ನಾನೇ ಹೋಗ್ತೀನಿ. ಫೋನ್ ಇಡು."

ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ಗುಂಪಿಗೆ ಅವಳು ಮತ್ತೆ ಹೋಗಲಿಲ್ಲ. ಅವರು ಮಾತ್ರ ನಮ್ಮೂರಿಗೆ ಹೋಗುವುದನ್ನು ಬಿಟ್ಟಿಲ್ಲ ಎಂದು ಕೇಳಿದೆ. ನನ್ನ ಸಿಟ್ಟೂ ಇಳಿದಿಲ್ಲ, ಇಳಿಯಲಿ ಎಂದು ನಾನು ಕಾಯುತ್ತಲೂ ಇಲ್ಲ.