ಅಲ್ಪವಿರಾಮದ ಕೇತಕಿ

ಅಕ್ಕಲಕೋಟೆಯ ಮನೆಯಿಂದಲೇ ಸೊಲ್ಲಾಪುರದ ಚಾದರದಂಗಡಿಯ ಕಂಪ್ಯೂಟರ್ ಕೆಲಸ ಮಾಡುವ ಕೇತಕಿ, ತನ್ನಷ್ಟು ಜಾಣೆ ಬೇರೆ ಯಾರೂ ಇಲ್ಲವೆಂದುಕೊಂಡವಳು. ಅಂಗಡಿಯ ಡೇಟಾಬೇಸಿನಿಂದ ಪಟ್ಟಿ ತೆಗೆಯಲು ಪ್ರಶ್ನೆ ಬರೆಯುವಾಗ ಗಿರಾಕಿಗಳ ಕೋಷ್ಟಕ, ಆರ್ಡರಿನ ಕೋಷ್ಟಕ ಎರಡನ್ನೂ ಹಳೆಯ ಪದ್ಧತಿಯಂತೆ ಅಲ್ಪವಿರಾಮ ಹಾಕಿ ಅಕ್ಕಪಕ್ಕ ಕೂರಿಸಿ, ಯಾವ ಆರ್ಡರು ಯಾರದೆಂಬ ಷರತ್ತನ್ನು ಕಟ್ಟಕಡೆಗೆ ಬರೆಯುವಳು. "ಅಕ್ಕಾರ, ಈಗ ಎರಡೂ ಕೋಷ್ಟಕದ ನಡುವ ಜಾಯಿನ್ ಅಂತ ಬರದು ಷರತ್ತ ಅಲ್ಲೇ ಬಾಜೂಕ ಹಚ್ತಾರ್ರಿ. ಮರತ್ರ ಕಂಪ್ಯೂಟರೇ ಬೈತದ" ಎಂದು ಜೊತೆಗಾರ ಪರಾಗ ಫೋನಿನಲ್ಲಿ ಹೇಳಿದರೆ, "ಉತ್ತರ ಅದೇ ಬರ್ತದಲ್ಲೋ ಶಾಣ್ಯಾ!" ಎಂದು ಮೂಗು ಮುರಿಯುವಳು. ಅಂಥ ಜಾಣೆ ಒಮ್ಮೆ ಬೆನ್ನ ಹಿಂದೆ ಮಲಗಿಸಿದ್ದ ಪುಟ್ಟ ಮಗಳು ಅತ್ತಳೆಂದು ನಡುವೆ ಎದ್ದುಹೋಗಿ, ಬಂದು, ಷರತ್ತನ್ನೇ ಮರೆತಳು. ಪ್ರತಿಯೊಬ್ಬ ಗಿರಾಕಿಯ ಹೆಸರಿಗೂ ಎಲ್ಲರ ಚಾದರಗಳು ಗಂಟುಬಿದ್ದವು. "ಮತ್ತ ಹಿಂಗಾದ್ರ ಕೆಲಸ ಬ್ಯಾರೇದವರಿಗಿ ಕೊಡ್ತೀನವಾ" ಎಂದರು ಮಾಲಕರು. ಆದರೂ ಪದ್ಧತಿ ಬಿಡದೆ, ಷರತ್ತು ಮುಗಿಯುವವರೆಗೆ ಏಳಬಾರದೆಂಬ ಹೊಸ ನೇಮ ಹಿಡಿದಳು. ಮಗಳು ಅಳುವಳು, ಇವಳು "ಬಂದ್ನಿ ಬಾಳಾ, ಬಂದ್ನಿ" ಎನ್ನುತ್ತ ಬರೆಯುವಳು. ಒಂದು ದಿನ ತಿರುಗಿ ನೋಡಿದರೆ, ಎದ್ದು ಕುಳಿತ ಮಗಳು ಅಳದೆ, ಸುಮ್ಮನೆ ಇವಳ ಬೆನ್ನನ್ನೇ ನೋಡುತ್ತಿದ್ದಳು, ಕಾಯುವುದನ್ನು ಕಲಿತುಬಿಟ್ಟಿದ್ದಳು. ಕೇತಕಿ ಅವಳನ್ನು ತೊಡೆಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಪರಾಗನಿಗೆ ಫೋನು ಹಚ್ಚಿದಳು: "ಹೊಸಾದು ಹ್ಯಾಂಗ ಬರೀತಾರ, ಹೇಳಪ್ಪಾ. ಮರತ್ರ ಕಂಪ್ಯೂಟರ್ ಬೈಲಿ, ನಡುಬರಕ ಏಳಾಕ ಬರಬೇಕು ನನಗ."