ಎಡಕ್ಕೆ ಎಳೆಯುವ ಲಾರಿ

ನಮ್ಮ ಅತ್ತೆ ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ಒಲೆಯ ಮೇಲಿನ ಹಾಲಿನ ಕಡೆ ಕಣ್ಣಿಟ್ಟು, ನನ್ನೊಡನೆ ಮಾತಾಡುತ್ತ, ಕೈಯನ್ನು ನೋಡದೆಯೇ ಎಲೆ ಸುತ್ತಿ ದಾರ ಬಿಗಿಯುತ್ತಿದ್ದರು. ಹೋದ ವರ್ಷ ಅವರಿಗೆ ಸಣ್ಣದಾಗಿ ಲಕ್ವಾ ಹೊಡೆಯಿತು. ಮಾತು ಬೇಗ ಸರಿಹೋಯಿತು, ನಡಿಗೆಯೂ ಬಂತು. ಎಡಗೈ ಬೆರಳುಗಳಲ್ಲಿ ಮಾತ್ರ ಸಣ್ಣ ನಡುಕ ಉಳಿಯಿತು. ಬೆರಳಿಗೆ ದಿನಾ ಕೆಲಸ ಕೊಡಬೇಕು ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಒಂದು ಮೆತ್ತನೆಯ ಚೆಂಡು ಕೊಟ್ಟಳು. ನಾಲ್ಕೇ ದಿನಕ್ಕೆ ಅತ್ತೆಗೆ ಅದು ಬೇಸರವಾಯಿತು.

ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕನ್ನಡ, ಮರಾಠಿ ಎರಡರಲ್ಲೂ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತೇನೆ. ರವಿವಾರ ಆ ಕಂಪ್ಯೂಟರ್ ನನ್ನ ಗಂಡನದು. ಚಿಕ್ಕೋಡಿಯ ಆಫೀಸಿನಲ್ಲಿ ವಾರವೆಲ್ಲ ಕಾಗದ ನೋಡುವ ಆತ ಅವತ್ತು ಲಾರಿ ಓಡಿಸುವ ಆಟ ಆಡುತ್ತಾನೆ. ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೆ ನಮ್ಮ ಮನೆಯಲ್ಲಿ ರಿಮೋಟ್ ಎನ್ನುತ್ತೇವೆ. ಅದರ ಎಡಬದಿಯ ಸಣ್ಣ ಕಡ್ಡಿಯನ್ನು ಹೆಬ್ಬೆರಳಿನಿಂದ ಸರಿಸಿದರೆ ಲಾರಿ ತಿರುಗುತ್ತದೆ. ಒಂದು ರವಿವಾರ ಅತ್ತೆ ಹಿಂದೆ ನಿಂತು ನೋಡುತ್ತಿದ್ದವರು, "ಒಂದೀಟು ನನ್ನ ಕೈಯಾಗ ಕೊಡೋ," ಎಂದು ಮಗನನ್ನು ಕೇಳಿದರು.

ಅಂದಿನಿಂದ ಲಾರಿ ಅವರದಾಯಿತು. ಪರದೆಯ ಮೇಲಿನದು ಯಾವುದೋ ದೇಶದ ರಸ್ತೆ. ಅತ್ತೆ ಅದಕ್ಕೆ ತಮ್ಮದೇ ಊರುಗಳ ಹೆಸರು ಇಟ್ಟುಕೊಂಡರು. "ಕೊಗನೊಳ್ಳಿ ದಾಟಿದ್ವಿ ನೋಡಬೇ," ಎಂದು ಒಳಗಿನಿಂದ ಕೂಗಿ ಹೇಳುತ್ತಿದ್ದರು. ಮಧ್ಯಾಹ್ನ ನಾನು ಕೆಲಸ ನಿಲ್ಲಿಸುವುದನ್ನೇ ಕಾಯುತ್ತಿದ್ದರು.

ದೀಪಾವಳಿಗೆ ಮನೆ ಸ್ವಚ್ಛ ಮಾಡಿದ ಮೇಲೆ ತೊಂದರೆ ಸುರುವಾಯಿತು. ಲಾರಿ ಎಡಕ್ಕೆ ಎಳೆಯತೊಡಗಿತು. ನೇರ ರಸ್ತೆಯಲ್ಲೂ ಅಂಚಿಗೆ ಹೋಗಿ ಕಂಬಕ್ಕೆ ಬಡಿಯುತ್ತಿತ್ತು. ಅತ್ತೆ ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ರಿಮೋಟನ್ನು ಟೇಬಲ್ ಮೇಲಿಟ್ಟು ಎದ್ದರು.

"ಯಾಕ್ರಿ ಅತ್ತಿ, ಇಷ್ಟ ಜಲ್ದಿ?"

"ಕೈ ಮತ್ತ ಹೋತು ಕಾಣ್ತೈತಿ. ಎಡಗೈ ನಾ ಹೇಳಿದ್ದ ಕೇಳವಲ್ದು."

ಸಂಜೆ ಗಂಡನಿಗೆ ಹೇಳಿದೆ. ಆತನ ಮುಖ ಇಳಿಯಿತು. ಇನ್ನೊಮ್ಮೆ ಲಕ್ವಾ ಹೊಡೆಯುವ ಮುನ್ನ ಹೀಗಾಗುತ್ತದೆ ಎಂದು ಆತನಿಗೆ ಯಾರೋ ಹೇಳಿದ್ದರಂತೆ. ಮರುದಿನವೇ ಡಾಕ್ಟರಿಗೆ ತೋರಿಸುವುದೆಂದು ಮಾತಾಯಿತು. ನನಗೂ ಹೆದರಿಕೆಯಾಗಿತ್ತು. ಆದರೆ ಅವತ್ತು ಬೆಳಿಗ್ಗೆ ಅತ್ತೆ ಎಡಗೈಯಲ್ಲೇ ತುಂಬಿದ ಚಹಾದ ಬಟ್ಟಲನ್ನು ಚೆಲ್ಲದೆ ತಂದುಕೊಟ್ಟಿದ್ದರು. ಚಹಾ ಹಿಡಿಯುವ ಕೈ ಅಷ್ಟು ಸಣ್ಣ ಕಡ್ಡಿಯನ್ನು ಹಿಡಿಯಲಾರದೇ? ಇದು ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲು ಇನ್ನೂ ಹೊತ್ತಿತ್ತು. ಆಟ ಹಚ್ಚಿ ನಾನೇ ಕೂತೆ. ನನ್ನ ಕೈಯಲ್ಲೂ ಲಾರಿ ಎಡಕ್ಕೇ ಹೋಯಿತು. ಅತ್ತೆಯನ್ನು ಕರೆದೆ. ಲಾರಿಗೆ ವೇಗ ಕೊಟ್ಟು, ರಿಮೋಟನ್ನು ಟೇಬಲ್ ಮೇಲಿಟ್ಟು ಎರಡೂ ಕೈ ಮೇಲೆತ್ತಿ ತೋರಿಸಿದೆ. ಲಾರಿ ನಿಧಾನವಾಗಿ ಎಡಕ್ಕೆ ತಿರುಗಿ ಹುಲ್ಲಿಗೆ ಇಳಿಯಿತು.

ಅತ್ತೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. "ಯಾರೂ ಮುಟ್ಟಿಲ್ಲಲ್ಲ?"

"ಇಲ್ರಿ. ಈಗ ವೈರನ್ನ ತಗದ ಬಿಡ್ತೀನಿ, ನೋಡ್ರಿ."

ಲಾರಿಗೆ ಮತ್ತೆ ವೇಗ ಕೊಟ್ಟು ರಿಮೋಟಿನ ವೈರ್ ಕಿತ್ತೆ. ಆಟ ನಿಂತುಹೋಗುತ್ತದೆ ಎಂದುಕೊಂಡಿದ್ದೆ. ಲಾರಿ ಮತ್ತೂ ಎಡಕ್ಕೆ ತಿರುಗುತ್ತಲೇ ಇತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಪ್ಪು ಕೈಯದೂ ಅಲ್ಲ, ಈ ರಿಮೋಟಿನದೂ ಅಲ್ಲ. ಮತ್ತೆ ಯಾರು ಓಡಿಸುತ್ತಿದ್ದಾರೆ?

ಕಂಪ್ಯೂಟರಿಗೆ ಜೋಡಿಸಿರುವ ಕಂಟ್ರೋಲರುಗಳನ್ನು ತೋರಿಸುವ ಒಂದು ಸಣ್ಣ ಕಿಟಕಿ ಪರದೆಯ ಮೇಲೇ ತೆರೆಯುತ್ತದೆ ಎಂದು ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡೆ. ವೈರ್ ಮತ್ತೆ ಸಿಕ್ಕಿಸಿ ಅದನ್ನು ತೆರೆದರೆ ಒಂದರ ಬದಲು ಎರಡು ಹೆಸರಿದ್ದವು. ಟೇಬಲಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಬೆನ್ನಿಗೆ ಕೈ ಹಾಕಿದೆ. ಇನ್ನೊಂದು ಕರಿ ವೈರ್ ಸಿಕ್ಕಿತು. ಅದನ್ನು ಹಿಡಿದುಕೊಂಡು ಹೋದರೆ ಪಕ್ಕದ ಗೋಡೆಯ ಗೂಡಿಗೆ ಬಂತು. ಗೂಡಿನ ತುಂಬ ದೀಪಾವಳಿಯಲ್ಲಿ ನಾನೇ ಒಗೆದು ಮಡಚಿ ತುರುಕಿದ ಕೌದಿಗಳು. ಮೂರು ಕೌದಿ ಎಳೆದು ಹಾಕಿದ ಮೇಲೆ ತಳದಲ್ಲಿ, ಹೊಸದು ಬಂದ ಮೇಲೂ ವೈರ್ ಕೀಳದೆ ಬಿಟ್ಟಿದ್ದ ಗಂಡನ ಹಳೆಯ ರಿಮೋಟ್ ಕಂಡಿತು. ಕೌದಿಯ ಭಾರಕ್ಕೆ ಅದರ ಕಡ್ಡಿ ಎಡಕ್ಕೆ ವಾಲಿಕೊಂಡಿತ್ತು. ಟೈಪಿಂಗಿಗೆ ಇದರಿಂದ ಏನೂ ಆಗುವುದಿಲ್ಲವಾದ್ದರಿಂದ ನನಗೆ ಇಷ್ಟು ದಿನ ಸುಳಿವೇ ಸಿಕ್ಕಿರಲಿಲ್ಲ.

"ಕೌದಿ ಲಾರಿ ಹೊಡ್ಯಾಕತ್ತಿತ್ತೇನಬೇ," ಎಂದು ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು.

ಹಳೆಯ ರಿಮೋಟನ್ನು ಕಿತ್ತು ತೆಗೆದೆವು. ಲಾರಿ ಬಹಳಷ್ಟು ಸರಿಹೋಯಿತು, ಪೂರ್ತಿ ಅಲ್ಲ. ಕಣ್ಣಿಗೆ ಬೀಳದಷ್ಟು ನಿಧಾನವಾಗಿ ಈಗಲೂ ಎಡಕ್ಕೆ ಸರಿಯುತ್ತಿತ್ತು. ಅತ್ತೆಯ ನಗು ನಿಂತಿತು. "ಇದು ನನ್ನ ಕೈದ ಇರಬೇಕು," ಎಂದರು.

ಆ ಕಿಟಕಿಯಲ್ಲೇ ಪರೀಕ್ಷೆ ಮಾಡುವ ಜಾಗವಿತ್ತು. ಒಂದು ಚೌಕ, ಅದರೊಳಗೆ ಕೂಡಿಸುವ ಲೆಕ್ಕದ ಚಿಹ್ನೆಯಂಥ ಒಂದು ಗುರುತು. ಕಡ್ಡಿಯನ್ನು ಮುಟ್ಟದಿದ್ದಾಗ ಗುರುತು ಚೌಕದ ನಟ್ಟನಡುವೆ ಇರಬೇಕು. ಅತ್ತೆಯ ರಿಮೋಟನ್ನು ಟೇಬಲ್ ಮೇಲೆ ಬಿಟ್ಟು ನೋಡಿದೆವು. ಗುರುತು ನಡುವಿನಿಂದ ಜೋಳದ ಕಾಳಿನಷ್ಟು ಎಡಕ್ಕಿತ್ತು. ಕಡ್ಡಿಯನ್ನು ಒಂದು ಸುತ್ತು ತಿರುಗಿಸಿ ಬಿಟ್ಟರೆ ಇನ್ನೊಂದು ಕಡೆ ನಿಂತಿತು. ಹಾಗಾದರೆ ರಿಮೋಟಿನಲ್ಲೂ ದೋಷವಿತ್ತು.

ಆಮೇಲೆ ಅತ್ತೆ ತಾವಾಗಿಯೇ ಕಡ್ಡಿಯ ಮೇಲೆ ಹೆಬ್ಬೆರಳಿಟ್ಟರು. ಗುರುತು ಸಣ್ಣಗೆ ಅದುರತೊಡಗಿತು. ಅದು ಅವರ ಕೈಯ ನಡುಕವೇ. ನಾನು ಕಿಟಕಿ ಮುಚ್ಚಲು ಹೋದೆ.

"ಇರಲಿ, ತಡಿ," ಎಂದರು. ಬಹಳ ಹೊತ್ತು ನೋಡಿದರು. "ಇಷ್ಟಽ ಏನು? ನಾ ಭಾಳ ದೊಡ್ಡದ ಐತಿ ಅಂತ ತಿಳಕೊಂಡಿದ್ದೆ." ಆಮೇಲೆ ರಿಮೋಟನ್ನು ನನ್ನ ಕಡೆ ಚಾಚಿದರು. "ನೀ ಹಿಡಿ ನೋಡೂಣು." ನನ್ನ ಹೆಬ್ಬೆರಳಿಗೂ ಗುರುತು ಅದುರಿತು, ಅವರಿಗಿಂತ ಕಡಿಮೆ. ಒಂದು ಬೆರಳು ಸುಮ್ಮನೆ ಇರುವುದು ಅಷ್ಟು ಕಷ್ಟ ಎಂದು ನನಗೆ ಅವತ್ತೇ ಗೊತ್ತಾದದ್ದು.

ಆಸ್ಪತ್ರೆಗೆ ಹೋದೆವು. ಡಾಕ್ಟರು ಕೈ ಹಿಡಿಸಿ, ಒತ್ತಿಸಿ ನೋಡಿ, ಹೋದ ಸಲಕ್ಕಿಂತ ಬಲ ಹೆಚ್ಚಾಗಿದೆ ಎಂದರು. ಬರುವಾಗ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವವರಿಗೆ ರಿಮೋಟ್ ಕೊಟ್ಟೆವು. ಅವರು ನಮ್ಮೆದುರಿಗೇ ಅದನ್ನು ಬಿಚ್ಚಿದರು. ಕಡ್ಡಿಯ ಬುಡದಲ್ಲಿ ಕಂದು ಬಣ್ಣದ ನುಣುಪು ಧೂಳು ಕೂತಿತ್ತು. ರಿಪೇರಿಯವರು ಮೂಸಿ ನೋಡಿ, "ತಂಬಾಕ ಐತ್ರಿ ಮಾವಶಿ," ಎಂದರು.

ಅತ್ತೆ ಬೀಡಿ ಕಟ್ಟುವುದನ್ನು ಬಿಟ್ಟು ವರ್ಷವಾಗಿತ್ತು. ಆದರೆ ಮಧ್ಯಾಹ್ನ ನೆರೆಮನೆಯವರ ಬೀಡಿ ಮೊರದ ಮುಂದೆ ಕೂತು ಹರಟೆ ಹೊಡೆಯುವಾಗ ಕೈ ಸುಮ್ಮನಿರದೆ ನಾಲ್ಕು ಎಲೆ ಸುತ್ತಿಕೊಡುತ್ತಿದ್ದರಂತೆ. ಆಮೇಲೆ ಹಾಗೇ ಬಂದು ರಿಮೋಟ್ ಹಿಡಿಯುತ್ತಿದ್ದರು. ಇದನ್ನು ಅವರು ಅಂಗಡಿಯಲ್ಲೇ ಒಪ್ಪಿಕೊಂಡರು. ರಿಪೇರಿಯವರು ಬ್ರಷ್ಷಿನಿಂದ ಧೂಳು ತೆಗೆದು ಏನೋ ದ್ರವ ಸಿಂಪಡಿಸಿ ಒರೆಸಿಕೊಟ್ಟರು. ಮನೆಗೆ ಬಂದು ನೋಡಿದರೆ ಗುರುತು ನಡುವೆಯೇ ನಿಂತಿತ್ತು.

ಈಗ ಅತ್ತೆ ಆಟಕ್ಕೆ ಮುಂಚೆ ಕೈ ತೊಳೆದು, ಆ ಚೌಕದ ಕಿಟಕಿ ತೆರೆಸಿಕೊಂಡು ಹೆಬ್ಬೆರಳಿಟ್ಟು ಕೂರುತ್ತಾರೆ. ಗುರುತು ಅದುರದಂತೆ ಎಷ್ಟು ಹೊತ್ತು ಹಿಡಿಯಬಲ್ಲೆ ಎಂದು ನೋಡುವುದೇ ಅವರಿಗೆ ಇನ್ನೊಂದು ಆಟವಾಗಿದೆ. ಹೋದ ರವಿವಾರ ಮಗನ ಕೈಗೂ ಕೊಟ್ಟರು. ಆತ ಆಗಷ್ಟೇ ನೀರಿನ ಡ್ರಮ್ ಎತ್ತಿ ಬಂದಿದ್ದ. ಗುರುತು ಚೌಕದ ತುಂಬ ಕುಣಿಯಿತು. ಅತ್ತೆ ಗಂಭೀರವಾಗಿ ನನ್ನ ಕಡೆ ತಿರುಗಿ, "ಇವನ್ನ ಒಮ್ಮೆ ಡಾಕ್ಟರಿಗೆ ತೋರಸಬೇ," ಎಂದು ಹೇಳಿ ಲಾರಿ ಓಡಿಸಿಕೊಂಡು ಹೊರಟರು.